ಒಂದೇ ಮೇಜಿನ ಮೇಲೆ ಎರಡು ಮಶೀನು

ಸ್ಕ್ರೂ ಅಕ್ಕ ಎಂದು ಅವಳಿಗೆ ಹೆಸರಿಟ್ಟವರು ಯಾರೋ, ಇವತ್ತಿಗೂ ಗೊತ್ತಿಲ್ಲ. ಯಾರೇ ಇರಲಿ, ಅವಳ ಎದುರಿಗೆ ನಿಂತು ಹಾಗೆ ಕರೆಯುವ ಎದೆಗಾರಿಕೆಯಂತೂ ಅವರಿಗೆ ಇದ್ದಿರಲಾರದು. ಹೆಸರು ಬೀದಿಯ ಈ ತುದಿಯಿಂದ ಆ ತುದಿಗೆ ಹರಡಿ ಕೊನೆಗೊಂದು ದಿನ ಅವಳ ಕಿವಿಗೇ ಬಿತ್ತು. ಈಗ ಯಾರ ಗ್ರಹಚಾರ ಕೆಟ್ಟಿತೋ ಎಂದು ಪಕ್ಕದ ಇಸ್ತ್ರಿ ಅಂಗಡಿಯವರು ಉಸಿರು ಬಿಗಿಹಿಡಿದು ಕಾದರು. ಅವಳು ಪಕಪಕ ನಕ್ಕುಬಿಟ್ಟಳು. "ಸ್ಕ್ರೂ ಲೂಸು ಅಂತ ಇಡ್ಲಿಲ್ವಲ್ಲ, ಬದುಕಿದೆ" ಎಂದವಳು ಮುಂದಿನ ವಾರವೇ ಅಂಗಡಿಯ ಹಲಗೆಯ ಮೇಲೆ ಅದನ್ನೇ ದಪ್ಪಕ್ಷರದಲ್ಲಿ ಬರೆಸಿದಳು.

ಅಂಗಡಿ ಎಂದರೆ ಅಂಥ ದೊಡ್ಡದೇನಲ್ಲ. ಇಸ್ತ್ರಿ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ ಸಿಕ್ಕಿಕೊಂಡ ಎಂಟಡಿ ಅಗಲದ ಕೋಣೆ. ಕಿಟಕಿಗೆ ಒತ್ತಿಕೊಂಡು ಒಂದು ಉದ್ದ ಮೇಜು, ಮೇಜಿನ ಮೇಲೆ ಹಸಿರು ರಬ್ಬರು ಹಾಸು, ಭೂತಗನ್ನಡಿ ಕೂಡಿಸಿದ ದೀಪ, ಡಬ್ಬಿ ತುಂಬ ಹಳೇ ಹಲ್ಲುಜ್ಜುವ ಬ್ರಷ್ಷುಗಳು. ಬಿಚ್ಚಿದ ಸ್ಕ್ರೂಗಳನ್ನು ಹಾಕಿಡಲು ಮೊಟ್ಟೆಯ ಖಾಲಿ ಟ್ರೇಗಳು. ವಿಡಿಯೋ ಗೇಮ್ ಆಡುವ ಮಶೀನುಗಳ ರಿಪೇರಿ ಅವಳ ಕಸುಬು. ಆದರೆ ಅವಳು ಒಂದು ದಿನವಾದರೂ ಒಂದು ಆಟ ಆಡಿದವಳಲ್ಲ. ಕೇಳಿದರೆ, "ಹಲ್ಲಿನ ಡಾಕ್ಟರು ನಿಮ್ಮನೆ ಊಟ ಮಾಡಿ ನೋಡ್ತಾರಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಹದಿನೆಂಟನೇ ವಯಸ್ಸಿಗೆ ಟಿವಿ ಫ್ಯಾಕ್ಟರಿ ಸೇರಿದವಳು ಅದು ಮುಚ್ಚುವವರೆಗೆ ಇಪ್ಪತ್ತನಾಲ್ಕು ವರ್ಷ ಒಂದೇ ಸಾಲಿನ ಮೂರನೇ ಕುರ್ಚಿಯಲ್ಲಿ ಕೂತಳು. ಬಾಗಿಲು ಹಾಕಿದ ದಿನ ಉಳಿದವರೆಲ್ಲ ಅಳುತ್ತ ನಿಂತಿದ್ದರೆ ಇವಳು ಮ್ಯಾನೇಜರ ಹತ್ತಿರ ಹೋಗಿ ತನ್ನ ಬೆಸುಗೆ ಕಡ್ಡಿಯನ್ನು ಕೇಳಿ ಇಸಿದುಕೊಂಡು ಬಂದಳು. ಆ ಇಪ್ಪತ್ತನಾಲ್ಕು ವರ್ಷ ಅವಳ ಕೈಗೆ ಒಂದು ಪಾಠ ಕಲಿಸಿತ್ತು. ಟ್ರೇಗೆ ಕೈ ಹಾಕು, ಸಿಕ್ಕಿದ ಬಿಡಿಭಾಗ ತೆಗೆ, ಎದುರಿಗಿರುವ ಟಿವಿಗೆ ಹಾಕು. ಒಂದೇ ಮಾಡೆಲ್ಲಿನದಾದರೆ ಯಾವುದನ್ನು ಯಾವುದಕ್ಕೆ ಹಾಕಿದರೂ ಕೂರಬೇಕು, ಕೂತ ಮೇಲೆ ಓಡಬೇಕು. ಕೂರದಿದ್ದರೆ ಅದನ್ನು ಮಾಡಿದವನಿಗೆ ಕೆಲಸ ಬರುವುದಿಲ್ಲ ಎಂದರ್ಥ. ಅವಳ ಮಟ್ಟಿಗೆ ಅದು ಸೂರ್ಯ ಮೂಡುವಷ್ಟೇ ಖಾತ್ರಿಯ ಮಾತಾಗಿತ್ತು.

ಕೋಪ ಮಾತ್ರ ಮೂಗಿನ ತುದಿಯಲ್ಲೇ. ಅದೂ ಗೇಮ್ ಕಂಪನಿಗಳ ಸುದ್ದಿ ಬಂದರೆ ಮುಗಿಯಿತು. ಬರಬರುತ್ತ ಅವರ ಆಟಗಳಿಗಿಂತ ಅವರ ಆಟವೇ ಜಾಸ್ತಿಯಾಯಿತು ಎಂದು ಕೂಗಾಡುತ್ತಿದ್ದಳು. ಅರ್ಧ ಆಟ ಡಬ್ಬಿಯಲ್ಲಿಟ್ಟು ಮಾರುತ್ತಾರೆ, ಇನ್ನರ್ಧಕ್ಕೆ ಮತ್ತೆ ಕೈ ಚಾಚುತ್ತಾರೆ. ಬ್ಯಾಟರಿಯನ್ನು ಅಂಟು ಹಾಕಿ ಕೂರಿಸುತ್ತಾರೆ. ಯಾರ ಮನೆಯಲ್ಲೂ ಇಲ್ಲದ ಆಕಾರದ ಸ್ಕ್ರೂ ಹಾಕಿ, ಅದರ ಮೇಲೊಂದು ಚೀಟಿ ಅಂಟಿಸಿ, ಚೀಟಿ ಕಿತ್ತರೆ ನಮ್ಮ ಜವಾಬ್ದಾರಿಯಿಲ್ಲ ಎಂದು ಕೈ ತೊಳೆದುಕೊಳ್ಳುತ್ತಾರೆ. "ನಾನು ದುಡ್ಡು ಕೊಟ್ಟು ತಂದಿರೋ ಸಾಮಾನು ಬಿಚ್ಚೋಕೆ ಮಾರಿದವನ ಅಪ್ಪಣೆ ಬೇಕಂತೆ! ನಾಳೆ ತಲೆದಿಂಬಿನ ಕವರು ಬದಲಾಯಿಸೋಕೂ ಅರ್ಜಿ ಹಾಕ್ಬೇಕೇನೋ!" ಅವಳ ಗಂಡ ಶಾಲೆಯ ಮಕ್ಕಳ ವ್ಯಾನು ಓಡಿಸುವ ಸಾಧು ಮನುಷ್ಯ. ಈ ಭಾಷಣವನ್ನು ಊಟದ ಜೊತೆಗೆ ದಿನಾ ಕೇಳಿ ಅರಗಿಸಿಕೊಂಡಿದ್ದ.

ಹೀಗಿರುವಾಗ ಒಂದು ಸೋಮವಾರ ಅಂಗಡಿಗೆ ಎರಡು ಮಶೀನು ಬಂದವು. ಎರಡೂ ಒಂದೇ ಕಂಪನಿಯವು, ಒಂದೇ ಹಳೇ ಮಾಡೆಲ್ಲು, ಒಂದೇ ಕಪ್ಪು ಬಣ್ಣ, ಎರಡಕ್ಕೂ ಒಂದೇ ಕಾಯಿಲೆ. ಧೂಳು ಕಟ್ಟಿ ಫ್ಯಾನು ಗೊರಗೊರ ಅನ್ನುತ್ತಿತ್ತು. ಒಂದನ್ನು ತಂದವನು ಎದುರು ಸಾಲಿನ ಕ್ಷೌರದಂಗಡಿಯವನು. ಸರದಿಗೆ ಕಾಯುವ ಗಿರಾಕಿಗಳು ಬೇಸರಪಟ್ಟುಕೊಂಡು ಎದ್ದು ಹೋಗದಿರಲೆಂದು ಅಂಗಡಿಯ ಗೋಡೆಗೆ ಟಿವಿ ಹಾಕಿ ಮಶೀನು ಇಟ್ಟಿದ್ದ. ಇನ್ನೊಂದನ್ನು ಬಟ್ಟೆ ಚೀಲದಲ್ಲಿ ಮಗುವಿನಂತೆ ಎದೆಗವಚಿಕೊಂಡು ತಂದವರು ಮೇಷ್ಟ್ರ ಹೆಂಡತಿ.

ಮೇಷ್ಟ್ರು ಮೂವತ್ತು ವರ್ಷ ಲೆಕ್ಕ ಕಲಿಸಿ ನಿವೃತ್ತರಾದವರು. ಹಿಂದಿನ ವರ್ಷ ಲಕ್ವ ಹೊಡೆದು ಎಡಗೈ ಬಿದ್ದುಹೋಗಿತ್ತು, ಮಾತೂ ತೊದಲುತ್ತಿತ್ತು. ವ್ಯಾಯಾಮ ಮಾಡಿಸಲು ಬರುವ ಡಾಕ್ಟರಮ್ಮ ಕೈ ಎತ್ತಿ ಇಳಿಸಿ ಎಂದರೆ, ನಾನೇನು ಒಂದನೇ ಕ್ಲಾಸಾ ಎಂದು ಮುಖ ತಿರುಗಿಸುತ್ತಿದ್ದರು. ಕೊನೆಗೆ ಆಕೆಯೇ ಒಂದು ದೋಣಿಯ ಆಟ ಹುಡುಕಿಕೊಟ್ಟಳು. ಎರಡು ಕೈಗೂ ಒಂದೊಂದು ಹಿಡಿಕೆ. ಕೈ ಆಡಿಸಿದಂತೆ ಟಿವಿಯಲ್ಲಿ ಹುಟ್ಟು ಬೀಳುತ್ತದೆ, ಪಕ್ಕದಲ್ಲೊಬ್ಬ ಮೀಸೆಯ ಅಂಬಿಗ ಪೈಪೋಟಿಗೆ ಬರುತ್ತಾನೆ. ಮೇಷ್ಟ್ರಿಗೆ ಆ ಮೀಸೆಯವನನ್ನು ಕಂಡರೆ ಮೈಯೆಲ್ಲ ಉರಿ. ಎಡಗೈಯ ಹಿಡಿಕೆಯನ್ನು ಪಟ್ಟಿಯಿಂದ ಕಟ್ಟಿಸಿಕೊಂಡು ದಿನಾ ಹತ್ತು ಗಂಟೆಗೆ ಅವನ ಜೊತೆ ಜಗಳಕ್ಕೆ ಕೂರುತ್ತಿದ್ದರು. ಐದು ತಿಂಗಳಿಗೆ ಬೆರಳು ಮಡಚತೊಡಗಿದವು, ಮೊಣಕೈ ಒಂದಿಷ್ಟು ಬಾಗತೊಡಗಿತು. ಈಗ ಬಿಡಬೇಡಿ, ಹದಿನೈದು ದಿನ ಬಿಟ್ಟರೆ ಕೈ ಮತ್ತೆ ಮರಗಟ್ಟುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದಳು.

"ಬೇಗ ಕೊಟ್ಬಿಡಮ್ಮ" ಎಂದರು ಮೇಷ್ಟ್ರ ಹೆಂಡತಿ. "ಆ ಮೀಸೆಯವನು ಇಲ್ದೆ ಇವರು ಬೆಳಗ್ಗೆಯಿಂದ ನನ್ನ ಮೇಲೆ ಹಾರಾಡ್ತಿದಾರೆ."

ಅಕ್ಕ ಎರಡೂ ಮಶೀನುಗಳನ್ನು ಒಂದೇ ಮೇಜಿನ ಮೇಲೆ ಬಿಚ್ಚಿದಳು. ಫ್ಯಾನು ತೆಗೆದಳು, ಡಿಸ್ಕು ನುಂಗಿ ಓದುವ ಡ್ರೈವು ತೆಗೆದಳು, ಒಂದೊಂದನ್ನೂ ಬ್ರಷ್ಷಿನಿಂದ ತಿಕ್ಕಿ ಸಾಲಾಗಿ ಇಟ್ಟಳು. ಆಮೇಲೆ ಅವಳ ಕೈ ಇಪ್ಪತ್ತನಾಲ್ಕು ವರ್ಷ ಮಾಡಿದ್ದನ್ನೇ ಮಾಡಿತು. ಹತ್ತಿರಕ್ಕೆ ಸಿಕ್ಕಿದ ಡ್ರೈವನ್ನು ಎತ್ತಿ ಎದುರಿಗಿದ್ದ ಮಶೀನಿಗೆ ಕೂರಿಸಿತು, ಉಳಿದದ್ದನ್ನು ಇನ್ನೊಂದಕ್ಕೆ. ಕೂತವು. ಫ್ಯಾನುಗಳು ಬೆಣ್ಣೆಯಂತೆ ತಿರುಗಿದವು. ಡಿಸ್ಕುಗಳೆಲ್ಲ ಅವರವರ ಮನೆಯಲ್ಲಿದ್ದವು, ಹಾಕಿ ನೋಡುವ ಪ್ರಶ್ನೆಯೇ ಬರಲಿಲ್ಲ. ಸಂಜೆಯೊಳಗೆ ಎರಡೂ ಮನೆ ಸೇರಿದವು.

ಮಾರನೇ ದಿನ ಹನ್ನೊಂದು ಗಂಟೆಗೆ ಮೇಷ್ಟ್ರ ಹೆಂಡತಿ ಅದೇ ಚೀಲದೊಂದಿಗೆ ಬಾಗಿಲಲ್ಲಿ ನಿಂತಿದ್ದರು. ಈ ಸಲ ಕೈಯಲ್ಲಿ ಡಿಸ್ಕೂ ಇತ್ತು. ಡಿಸ್ಕು ಹಾಕಿದರೆ ಟಿವಿಯ ಮೇಲೆ ಆಟ ಬರುತ್ತಿಲ್ಲ, ಬರೀ ಒಂದು ನಂಬರು ಬರುತ್ತಿದೆ.

ಅಕ್ಕ ಬಿಚ್ಚಿದಳು, ನೋಡಿದಳು, ಮುಚ್ಚಿದಳು. ಮತ್ತೆ ಬಿಚ್ಚಿದಳು. ಡ್ರೈವು ಗಟ್ಟಿಮುಟ್ಟಾಗಿತ್ತು, ತಂತಿ ನೆಟ್ಟಗಿತ್ತು, ಬೆಸುಗೆ ಬಿಟ್ಟಿರಲಿಲ್ಲ. ಆದರೂ ಡಿಸ್ಕು ಒಳಗೆ ಹೋಗುತ್ತಿತ್ತು, ಒಂದು ಸುತ್ತು ಸುತ್ತುತ್ತಿತ್ತು, ಆಚೆ ಬರುತ್ತಿತ್ತು. "ನನ್ನ ಕೈಯಿಂದ ಏನೂ ತಪ್ಪಾಗಿಲ್ಲ ಅಮ್ಮ" ಎಂದಳು ಅಕ್ಕ. ಅವಳು ಸುಳ್ಳು ಹೇಳುತ್ತಿರಲಿಲ್ಲ, ಹಾಗಂತಲೇ ನಂಬಿದ್ದಳು. "ಇದು ಕಂಪನಿಯೋರ ಏನೋ ಕಿತಾಪತಿ. ಬಿಟ್ಟು ಹೋಗಿ, ಒಂದು ಕೈ ನೋಡ್ಕೋತೀನಿ."

ಒಂದು ದಿನ ಹೋಯಿತು, ನಾಲ್ಕು ದಿನ ಹೋಯಿತು. ಆಟವನ್ನು ಕಂಪನಿಯ ಆನ್‌ಲೈನ್ ಅಂಗಡಿಯಿಂದಲಾದರೂ ಇಳಿಸಿಕೊಳ್ಳೋಣವೆಂದರೆ, ಅದನ್ನು ಎಂದೋ ಅಲ್ಲಿಂದ ಎತ್ತಿಬಿಟ್ಟಿದ್ದರು. ಇಂಥದ್ದೇ ಇನ್ನೊಂದು ಹಳೇ ಮಶೀನು ತರೋಣವೆಂದರೆ ಊರಲ್ಲಿ ಒಂದೂ ಇಲ್ಲ. ಹಳೆಯದು ಕೊಟ್ಟು ಹೊಸದು ಒಯ್ಯಿರಿ ಎಂಬ ಸ್ಕೀಮು ತಂದು ಕಂಪನಿ ಊರನ್ನೇ ಗುಡಿಸಿಹಾಕಿತ್ತು. ಮೇಷ್ಟ್ರ ಹೆಂಡತಿ ದಿನಾ ಬಂದು ಬಾಗಿಲಲ್ಲಿ ಒಂದು ನಿಮಿಷ ನಿಂತು ಹೋಗುತ್ತಿದ್ದರು. ಬೈದಿದ್ದರೆ ಅಕ್ಕನಿಗೆ ಎಷ್ಟೋ ಹಗುರಾಗುತ್ತಿತ್ತು. ಅವರು ಬೈಯಲೂ ಇಲ್ಲ. ಒಂಬತ್ತನೇ ದಿನ, "ಹಿಡಿಕೆ ಕಟ್ಟಿಸ್ಕೊಂಡು ಖಾಲಿ ಟಿವಿ ಮುಂದೆ ಸುಮ್ನೆ ಕೂರ್ತಾರಮ್ಮ. ನಿನ್ನೆ ಬೆರಳು ಮಡಚೋಕೆ ಆಗ್ಲಿಲ್ಲ" ಎಂದಷ್ಟೇ ಹೇಳಿದರು. 

ಹತ್ತನೇ ದಿನ ಬೆಳಗ್ಗೆ ಅಂಗಡಿ ತೆರೆದವಳೇ ಕಂಪನಿಗೆ ಫೋನು ಹಚ್ಚಿದಳು. ಅದನ್ನೊತ್ತಿ ಇದನ್ನೊತ್ತಿ ಎಂದು ಮುಕ್ಕಾಲು ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ಅಕ್ಕ ಟಿವಿಯ ಮೇಲಿನ ನಂಬರು ಓದಿ ಹೇಳಿದಳು.

"ಮೇಡಂ, ಆ ನಂಬರು ಬರೋದು ಮಶೀನಲ್ಲಿ ಬೇರೆ ಮಶೀನಿನ ಡ್ರೈವ್ ಇದ್ರೆ ಮಾತ್ರ."

"ಬೇರೆ ಮಶೀನಿಂದಾ? ಅದೇ ಮಾಡೆಲ್ಲು, ಅದೇ ಡ್ರೈವು ಕಣಮ್ಮ. ಯಾವ್ದಾದ್ರೆ ಏನು?"

"ಇಲ್ಲ ಮೇಡಂ. ಪ್ರತಿ ಡ್ರೈವನ್ನೂ ಅದರದೇ ಮಶೀನಿನ ಬೋರ್ಡಿಗೆ ಜೋಡಿ ಮಾಡಿರ್ತೀವಿ. ಬೇರೆ ಹಾಕಿದ್ರೆ ಬೋರ್ಡು ಒಪ್ಪಲ್ಲ. ಗ್ರಾಹಕರ ಸುರಕ್ಷತೆಗೋಸ್ಕರ ಮೇಡಂ."

"ಯಾರಿಂದ ಸುರಕ್ಷತೆ? ನನ್ನಿಂದಾನಾ?" ಎಂದು ಕಿರುಚಲು ಬಾಯಿ ತೆರೆದವಳು ಅರ್ಧಕ್ಕೇ ನಿಂತಳು. ಮೇಜು ಕಣ್ಣಿಗೆ ಬಿತ್ತು. ಆ ಸೋಮವಾರ ಅದರ ಮೇಲೆ ಸಾಲಾಗಿ ಇಟ್ಟಿದ್ದ ಎರಡು ಡ್ರೈವುಗಳು ನೆನಪಾದವು. ಅವಳು ಸ್ಟೂಲು ಎಳೆದು ಕೂತಳು. ಹುಡುಗಿ ಆಚೆಯಿಂದ ಹೊಸ ಮಶೀನಿನ ರಿಯಾಯಿತಿ ದರ ಓದುತ್ತಲೇ ಇದ್ದಳು.

ಅದೆಂಥ ಅನ್ಯಾಯ ನೋಡಿ! ಜೀವಮಾನವೆಲ್ಲ ಯಾವುದು ಸರಿಯಾದ ಕೆಲಸವಾಗಿತ್ತೋ ಅದನ್ನೇ ಯಾರೋ ಎಲ್ಲೋ ಕೂತು, ಒಂದು ಮಾತೂ ಹೇಳದೆ, ತಪ್ಪು ಮಾಡಿಟ್ಟಿದ್ದರು. ಹಾಗಂತ ಕೂತು ಗೋಳಾಡಿದರೆ ಮೇಷ್ಟ್ರ ಕೈ ಎದ್ದೀತೇ? ಮೇಷ್ಟ್ರ ಡ್ರೈವು ಕ್ಷೌರದಂಗಡಿಯ ಮಶೀನಿನ ಹೊಟ್ಟೆಯಲ್ಲಿತ್ತು. ಅಕ್ಕ ಚಪ್ಪಲಿ ಮೆಟ್ಟಿ ಓಡಿದಳು.

ಕ್ಷೌರದಂಗಡಿಯಲ್ಲಿ ಗಿರಾಕಿಯೊಬ್ಬ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿ ಒರಗಿದ್ದ. ಕ್ಷೌರಿಕ ಕತ್ತಿ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ಬಿಟ್ಟು ಗೋಡೆಯ ಟಿವಿಯನ್ನು ಓದುತ್ತಿದ್ದ. ಟಿವಿಯ ತುಂಬ ಇರುವೆ ಸಾಲಿನಂಥ ಅಕ್ಷರ. ಕೆಳಗಿನ ಹಲಗೆಯ ಮೇಲೆ ಬೆಳ್ಳಗೆ ಹೊಳೆಯುವ ಹೊಸ ಮಶೀನು.

"ಹಳೇದೆಲ್ಲಿ?" ಎಂದಳು ಅಕ್ಕ.

ಕ್ಷೌರಿಕನ ಮುಖ ಸಣ್ಣಗಾಯಿತು. "ನೀವು ಬೇಜಾರು ಮಾಡ್ಕೋಬಾರ್ದು ಅಕ್ಕ. ನೀವು ಕೊಟ್ಟ ಮಾರನೇ ದಿನವೇ ಡಿಸ್ಕು ಓದೋದು ಬಿಟ್ಬಿಡ್ತು. ಮಶೀನಿಗೆ ವಯಸ್ಸಾಗಿದೆ, ಮತ್ತೆ ನಿಮ್ಮ ಹತ್ರ ತಂದ್ರೆ ನಿಮ್ಮ ಕೆಲಸಕ್ಕೆ ಕೊಂಕು ತೆಗೆದ ಹಾಗಾಗುತ್ತೆ ಅಂತ ಮೊನ್ನೆ ಎಕ್ಸ್‌ಚೇಂಜಿಗೆ ಕೊಟ್ಟೆ."

"ಅಯ್ಯೋ ಪುಣ್ಯಾತ್ಮ! ಬಂದು ನಾಲ್ಕು ಬೈದಿದ್ರೆ ಏನು ಗಂಟು ಹೋಗ್ತಿತ್ತೋ ನಿಂದು?" ಅಕ್ಕ ತಲೆಯ ಮೇಲೆ ಕೈ ಹೊತ್ತಳು. ಎಕ್ಸ್‌ಚೇಂಜಿಗೆ ಬಂದ ಮಶೀನುಗಳಿಗೆ ಆ ಕಂಪನಿ ಏನು ಮಾಡುತ್ತದೆಂದು ರಿಪೇರಿಯವರಿಗೆಲ್ಲ ಗೊತ್ತಿತ್ತು. ಮತ್ತೆ ಯಾರೂ ಬಳಸಬಾರದೆಂದು ನಡುಮಧ್ಯಕ್ಕೆ ಡ್ರಿಲ್ಲು ಹಾಕಿ ತೂತು ಕೊರೆಯುತ್ತಾರೆ. ಚೆನ್ನಾಗಿ ಓಡುವ ಮಶೀನಿಗೂ ಅದೇ ಗತಿ. ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಡ್ರೈವು ಅದಲುಬದಲಾದದ್ದು, ಅದು ತನ್ನ ಕೈಯಿಂದಲೇ ಆದದ್ದು, ಮೇಷ್ಟ್ರ ಬೆರಳು.

ಕ್ಷೌರಿಕ ಟಿವಿಯತ್ತ ಬೆರಳು ತೋರಿಸಿದ. "ನನಗೂ ಇದು ಬೇಡ ಅಕ್ಕ. ಮೊದಲನೇದು, ಇದಕ್ಕೆ ಡಿಸ್ಕು ಹಾಕೋ ಬಾಯೇ ಇಲ್ಲ! ನನ್ನ ಹತ್ರ ಇರೋ ಮೂವತ್ತು ಡಿಸ್ಕು ಕಾಫಿ ಲೋಟದ ಕೆಳಗಿಡೋಕೆ ಲಾಯಕ್ಕು, ಅಷ್ಟೇ. ಎರಡನೇದು, ಶುರು ಮಾಡೋಕೆ ಮುಂಚೆ ಷರತ್ತು ಓದಿ ಒಪ್ಪಿಗೆ ಒತ್ತಬೇಕಂತೆ. ನಲವತ್ತೇಳು ಪುಟ. ಗಿರಾಕಿಗಳ ಮಧ್ಯೆ ಬಿಡುವು ಸಿಕ್ಕಾಗ ಓದ್ತಾ ಇದೀನಿ, ಈಗ ಹತ್ತೊಂಬತ್ತರಲ್ಲಿದೀನಿ. ನಾನು ಕೊಂಡ ಆಟ ನಂದಲ್ವಂತೆ! ಅವರು ಬೇಕೆಂದಾಗ ವಾಪಸ್ ತಗೋಬಹುದಂತೆ!"

"ಹಾಗಾದ್ರೆ ನೀನಿನ್ನೂ ಒಪ್ಪಿಗೆ ಒತ್ತಿಲ್ವಾ?"

"ಓದದೆ ಹೇಗೆ ಒತ್ಲಿ ಅಕ್ಕ? ನಾನು ಔಷಧಿ ಚೀಟಿನೂ ಪೂರ್ತಿ ಓದೋನು."

"ನಡಿಯೋ, ಹೋಗೋಣ!"

"ಇವರದು ಒಂದು ಕೆನ್ನೆ ಬಾಕಿ ಇದೆ ಅಕ್ಕ."

ಆ ಒಂದು ಕೆನ್ನೆ ಮುಗಿಯುವವರೆಗೆ ಅಕ್ಕ ಅಂಗಡಿಯ ಉದ್ದಗಲ ಎಷ್ಟು ಸಲ ಅಳೆದಳೋ. ಗಿರಾಕಿ ಕಣ್ಣು ಬಿಟ್ಟು, ಬೇಕಾದರೆ ಆಮೇಲೆ ಬರುತ್ತೇನೆ ಎಂದು ತಾನೇ ಹೆದರಿ ಹೇಳಿದರೂ ಕ್ಷೌರಿಕ ಬಿಡಲಿಲ್ಲ. ಕೆನ್ನೆ ಮುಗಿಸಿ, ಒರೆಸಿ, ಕನ್ನಡಿ ತೋರಿಸಿಯೇ ಹೊಸ ಮಶೀನಿನ ವೈರು ಕಿತ್ತ. ಅಷ್ಟರಲ್ಲಿ ಅಕ್ಕನ ಫೋನಿಗೆ ಗಂಡ ವ್ಯಾನು ತಂದು ನಿಲ್ಲಿಸಿದ್ದ. ಮಕ್ಕಳನ್ನು ಶಾಲೆಗೆ ಬಿಟ್ಟು ಖಾಲಿಯಿದ್ದ. ಅಕ್ಕ ತನ್ನ ಅಂಗಡಿಯಿಂದ ಮೇಷ್ಟ್ರ ಮಶೀನು, ಡಿಸ್ಕು, ಸ್ಕ್ರೂಡ್ರೈವರು ತಂದು ವ್ಯಾನಿಗೆ ಹಾಕಿದಳು. ಎಂದೂ ನಲವತ್ತು ದಾಟಿಸದ ಮನುಷ್ಯ ಅವತ್ತು ಅರವತ್ತು ಮುಟ್ಟಿಸಿದ.

ಕಂಪನಿಯ ಕೌಂಟರಿನಲ್ಲಿ ಟೈ ಕಟ್ಟಿದವನೊಬ್ಬ ಕೂತಿದ್ದ. ಅವನ ಬೆನ್ನ ಹಿಂದಿನ ಅರೆತೆರೆದ ಬಾಗಿಲಿಂದ ಡ್ರಿಲ್ಲಿನ ಗುಂಯ್ ಸದ್ದು ಕೇಳಿಸುತ್ತಿತ್ತು. ಸದ್ದು ನಿಂತಾಗಲೆಲ್ಲ ಏನೋ ಒಂದು ರಾಶಿಯ ಮೇಲೆ ದೊಪ್ಪನೆ ಬೀಳುತ್ತಿತ್ತು.

"ಎಕ್ಸ್‌ಚೇಂಜ್ ಆದ್ಮೇಲೆ ವಾಪಸ್ ಕೊಡಕ್ಕೆ ಬರಲ್ಲ ಸಾರ್" ಎಂದ ಟೈ.

"ಆಗಿಲ್ವಲ್ಲ" ಎಂದ ಕ್ಷೌರಿಕ. "ನಾನು ಒಪ್ಪಿಗೆ ಒತ್ತಿದ್ರೆ ತಾನೇ ಆಗೋದು? ಹನ್ನೊಂದನೇ ಪುಟದಲ್ಲಿ ನೀವೇ ಬರ್ದಿದೀರಿ. ಒಪ್ಪದಿದ್ರೆ ಏಳು ದಿನದೊಳಗೆ ವಾಪಸ್ ತರಬಹುದು, ಹಳೇದನ್ನ ಇದ್ದ ಹಾಗೇ ಹಿಂದಿರುಗಿಸ್ತೀವಿ ಅಂತ."

ಟೈ ತನ್ನ ಕಂಪ್ಯೂಟರು ನೋಡಿದ, ಕ್ಷೌರಿಕನನ್ನು ನೋಡಿದ, ಮತ್ತೆ ಕಂಪ್ಯೂಟರು ನೋಡಿದ. "ಹನ್ನೊಂದನೇ ಪುಟ ಓದಿದೀರಾ?"

"ಹತ್ತೊಂಬತ್ತರವರೆಗೂ ಓದಿದೀನಿ. ಅಲ್ಲಿಂದು ಹೇಳ್ಲಾ?"

"ಬೇಡ ಸಾರ್" ಎಂದು ಅವನು ಎದ್ದ. ಒಳಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಡ್ರಿಲ್ಲು ಮತ್ತೆ ಗುಂಯ್ ಅಂದಿತು, ನಿಂತಿತು. ಅಕ್ಕ ಕೌಂಟರಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಕೊನೆಗೆ ಟೈ ಧೂಳು ಹಿಡಿದ ಒಂದು ಕಪ್ಪು ಮಶೀನು ತಂದು ಇಟ್ಟ. ಒಪ್ಪಿಗೆ ಬಾಕಿ ಎಂದು ಮೇಲೆ ಕೆಂಪು ಚೀಟಿ ಅಂಟಿತ್ತು. ಅಕ್ಕ ಅದನ್ನು ಮಗುಚಿ ನೋಡಿದಳು, ಬೆರಳಿಂದ ಸವರಿ ನೋಡಿದಳು. ತೂತು ಇರಲಿಲ್ಲ. ಹೋದ ಜೀವ ಬಂದ ಹಾಗಾಗಿ, ಗುರುತು ಪರಿಚಯವಿಲ್ಲದ ಆ ಟೈಯವನಿಗೆ, "ನಿನ್ನ ಹೊಟ್ಟೆ ತಣ್ಣಗಿರಲಪ್ಪ" ಎಂದುಬಿಟ್ಟಳು.

ವ್ಯಾನಿನ ಹಿಂದಿನ ಸೀಟಿನಲ್ಲಿ, ಮಕ್ಕಳು ಬಿಟ್ಟುಹೋದ ಪೆನ್ಸಿಲು ಚೂರುಗಳ ನಡುವೆ ಎರಡೂ ಮಶೀನು ಇಟ್ಟುಕೊಂಡು ಅವಳು ಬಿಚ್ಚಿದಳು. ಈ ಸಲ ಇದರದ್ದು ಇದಕ್ಕೆ, ಅದರದ್ದು ಅದಕ್ಕೆ ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತ ಕೂರಿಸಿದಳು. ಮೇಷ್ಟ್ರ ಮನೆ ಬರುವಷ್ಟರಲ್ಲಿ ಕೊನೆಯ ಸ್ಕ್ರೂ ತಿರುಗಿಸಿ ಮುಗಿದಿತ್ತು.

ಮೇಷ್ಟ್ರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಅಕ್ಕ ವೈರು ಸಿಕ್ಕಿಸಿ ಡಿಸ್ಕು ತೂರಿಸಿದಳು. ಡಿಸ್ಕು ಒಂದು ಸುತ್ತು ಸುತ್ತಿತು, ಎರಡು ಸುತ್ತು ಸುತ್ತಿತು. ಆಚೆ ಬರಲಿಲ್ಲ. ಟಿವಿಯ ತುಂಬ ನೀಲಿ ನೀರು ಹರಡಿತು, ಮೀಸೆಯ ಅಂಬಿಗ ದೋಣಿ ಏರಿ ನಿಂತ. ಬಾಗಿಲಲ್ಲಿ ನಿಂತಿದ್ದ ಕ್ಷೌರಿಕ ಚಪ್ಪಾಳೆ ತಟ್ಟಿದ. ಮೇಷ್ಟ್ರ ಹೆಂಡತಿ ಗಂಡನ ಎಡಗೈಗೆ ಹಿಡಿಕೆ ಕಟ್ಟಲು ಕೂತರು. ಪಟ್ಟಿ ಎರಡು ಸಲ ಜಾರಿತು.

ಮೊದಲ ಓಟದಲ್ಲಿ ಮೇಷ್ಟ್ರು ಹೀನಾಯವಾಗಿ ಸೋತರು. ಎರಡನೆಯದರಲ್ಲೂ ಸೋತರು. ಮೂರನೆಯದರ ಹೊತ್ತಿಗೆ ಕುತ್ತಿಗೆಯ ನರ ಉಬ್ಬಿಸಿಕೊಂಡು ಮೀಸೆಯವನನ್ನು ಬೈಯತೊಡಗಿದ್ದರು. ಎಡಗೈಯ ಹಿಡಿಕೆ ಇಷ್ಟಿಷ್ಟೇ ಅಲುಗುತ್ತಿತ್ತು. ಓಟ ಮುಗಿದು ಪಟ್ಟಿ ಬಿಚ್ಚಿದರೂ ಅವರ ಕಣ್ಣು ಟಿವಿ ಬಿಡಲಿಲ್ಲ. ಮೀಸೆಯವನು ಗೆದ್ದನೋ ತಾನು ಗೆದ್ದೆನೋ ಎಂಬ ಫಲಿತಾಂಶ ಈಗ ಬರುವುದಿತ್ತು.

ಅಕ್ಕನಿಗೆ ಇನ್ನು ತಡೆಯಲಾಗಲಿಲ್ಲ. ಎದ್ದು ಬಂದು ಅವರ ಎದುರಿಗೇ ನಿಂತಳು.

"ಮೇಷ್ಟ್ರೇ, ಒಂದು ಮಾತು ಹೇಳ್ಬೇಕು. ಕಂಪನಿಯೋರ ಕಿತಾಪತಿ ಅಂತ ಅವತ್ತು ಅಮ್ಮನಿಗೆ ಹೇಳಿದ್ದೆ. ಅದು ಅರ್ಧ ನಿಜ. ಡ್ರೈವು ಬದಲಾಯಿಸಿದ್ದು ನನ್ನ ಕೈಯೇ. ನನಗೆ ಗೊತ್ತಿರ್ಲಿಲ್ಲ, ಆದ್ರೂ ಕೈ ನಂದೇ. ಹತ್ತು ದಿನ ನಿಮ್ಮ ಕೈ ಹಾಳಾಗಿದ್ದು ನನ್ನಿಂದ. ಇಷ್ಟು ವರ್ಷದಲ್ಲಿ ಯಾರ ಹತ್ರಾನೂ ನಾನು ತಪ್ಪಾಯ್ತು ಅಂದೋಳಲ್ಲ..."

ಮೇಷ್ಟ್ರು ಅವಳ ಕಡೆ ನೋಡಲೇ ಇಲ್ಲ. ಕತ್ತನ್ನು ಈ ಕಡೆ ವಾಲಿಸಿದರು, ಆ ಕಡೆ ವಾಲಿಸಿದರು. ಅವಳ ಕಣ್ಣಲ್ಲಿ ನೀರು ತುಂಬಿ ಬಂತು. ಇವರು ಮುಖ ಕೊಟ್ಟು ಮಾತೂ ಆಡಲಾರದಷ್ಟು ನೊಂದಿದ್ದಾರೆ ಎಂದುಕೊಂಡಳು.

"ಪ... ಪಕ್ಕಕ್ಕೆ... ಸರಿಯೇ" ಎಂದು ಗುಡುಗಿದರು ಮೇಷ್ಟ್ರು. "ಟಿವಿ... ಕಾಣ್ತಿಲ್ಲ!"

ಗುಡುಗುತ್ತ, ಕ್ಲಾಸಿನಲ್ಲಿ ಕರಿಹಲಗೆಗೆ ಅಡ್ಡ ನಿಂತ ಮಕ್ಕಳನ್ನು ಸರಿಸುವಂತೆ ಕೈ ಬೀಸಿದರು. ಅಕ್ಕ ಬೆಚ್ಚಿ ಪಕ್ಕಕ್ಕೆ ಹಾರಿದಳು. ಮೇಷ್ಟ್ರ ಹೆಂಡತಿಯ ಕೈಯಿಂದ ಪಟ್ಟಿ ನೆಲಕ್ಕೆ ಬಿತ್ತು.

"ರೀ" ಎಂದರು ಅವರು. "ರೀ, ಯಾವ ಕೈ ಅದು?"

ಮೇಷ್ಟ್ರು ಎದೆಯ ಮಟ್ಟಕ್ಕೆ ಎದ್ದು ಇನ್ನೂ ಅಲ್ಲೇ ನಿಂತಿದ್ದ ತಮ್ಮ ಎಡಗೈಯನ್ನು ನೋಡಿದರು.